ಮಕ್ಕಳ ಆಟದ ಕೋಣೆ: ಅಲಂಕಾರವೂ ಅಳತೆಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮನೆ ಕಟ್ಟಿದವರು ಅದರಲ್ಲಿ ದೇವರಿಗೊಂದು ಕೋಣೆ, ಅಡುಗೆಗೊಂದು ಕೋಣೆ, ದವಸಧಾನ್ಯಕ್ಕೊಂದು ಉಗ್ರಾಣ, ಬಾಣಂತಿಗೊಂದು ಕೋಣೆ ಎಂದು ಜಾಗವನ್ನು ಹಂಚಿದರು. ಆದರೆ ಮಕ್ಕಳ ಆಟಕ್ಕೆಂದೇ ಪ್ರತ್ಯೇಕವಾಗಿ ಒಂದು ಕೋಣೆಯನ್ನು ಕಟ್ಟಿಸಿದ ಮನೆ ನಮ್ಮ ಹಳೆಯ ಊರುಗಳಲ್ಲಿ ಹುಡುಕಿದರೂ ಸಿಕ್ಕುವುದು ಅಪರೂಪ. ಇದರಿಂದ ಹಿರಿಯರಿಗೆ ಮಕ್ಕಳ ಮೇಲೆ ಅಕ್ಕರೆಯಿರಲಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಜಗಲಿ, ಪಡಸಾಲೆ, ತೊಟ್ಟಿ, ಹಿತ್ತಿಲು, ಬೀದಿ ಇವೆಲ್ಲವೂ ಮಕ್ಕಳವೇ ಆಗಿದ್ದುವು. ಜಗಲಿಯ ಮೇಲೆ ಚೌಕಾಬಾರದ ಮನೆ, ಅಂಗಳದಲ್ಲಿ ಕುಂಟೆಬಿಲ್ಲೆಯ ಗೆರೆ, ತೊಲೆಗೆ ಕಟ್ಟಿದ ಜೋಕಾಲಿ, ಅಟ್ಟದ ಮೇಲೊಂದು ಅಳಗುಳಿಮಣೆ. ಮನೆಯೇ ಆಟದ ಕೋಣೆಯಾಗಿದ್ದಾಗ ಬೇರೊಂದು ಕೋಣೆಯ ಅಗತ್ಯವಾದರೂ ಏನಿತ್ತು?

ಇಂದು ಪರಿಸ್ಥಿತಿ ಬೇರೆ. ಬೆಂಗಳೂರಿನಲ್ಲಿ ಮಾತ್ರವೇ ಅಲ್ಲ, ಜಿಲ್ಲಾ ಕೇಂದ್ರಗಳಲ್ಲಿಯೂ ಜಗಲಿಯಿಲ್ಲದ ಮನೆಗಳು, ಮೂರನೆಯ ಮಹಡಿಯ ಫ್ಲಾಟುಗಳು ಎದ್ದಿವೆ. ಬೀದಿಯನ್ನು ವಾಹನಗಳು ಹಿಡಿದಿವೆ. ಹೊರಗೆ ನಡೆಯುತ್ತಿದ್ದ ಆಟ ಒಳಗೆ ಬಂದಿದೆ. ಅದರೊಡನೆ ‘ಮಕ್ಕಳ ಕೋಣೆ’ ಎಂಬುದೂ ಮನೆಯ ನಕ್ಷೆಯೊಳಕ್ಕೆ ಬಂದಿದೆ. ಅದನ್ನು ಸಿಂಗರಿಸಿಕೊಡುವ ಒಳಾಂಗಣ ವಿನ್ಯಾಸಕಾರರು ಇದ್ದಾರೆ. ದಿನಕ್ಕೊಂದು ಹೊಸ ಮಾದರಿಯನ್ನು ತೋರಿಸುವ ಚಿತ್ರಗಳು ಎಲ್ಲರ ಕೈಯ ಫೋನಿನಲ್ಲಿಯೂ ಇವೆ. ತಾಯಿತಂದೆಯರು ಸಾಲಮಾಡಿಯಾದರೂ ಅಂತಹ ಕೋಣೆಯನ್ನು ಮಾಡಿಸಲು ಹಾತೊರೆಯುವುದನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿಸಿದ ಕೋಣೆಯ ಬಾಗಿಲಲ್ಲಿಯೇ ನಿಂತು ‘ಏನನ್ನೂ ಮುಟ್ಟಬೇಡ’ ಎಂದು ಮಗುವನ್ನು ಗದರಿಸುವುದನ್ನೂ ಕಂಡಿದ್ದೇನೆ.

ನಾನು ವಿನ್ಯಾಸಶಾಸ್ತ್ರವನ್ನು ಓದಿದವಳಲ್ಲ, ಬಿ.ಎ. ಅಂತಿಮ ವರ್ಷದಲ್ಲಿ ಮನಶ್ಶಾಸ್ತ್ರವನ್ನು ಒಂದು ವಿಷಯವಾಗಿ ತೆಗೆದುಕೊಂಡಿರುವ ವಿದ್ಯಾರ್ಥಿನಿ. ಆಟದ ಕೋಣೆಯ ಈಗಿನ ರೂಢಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವು ಮಗುವಿಗೆ ಎಷ್ಟರಮಟ್ಟಿಗೆ ಹಿತ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಇದಕ್ಕೆ ನಾನು ಇಟ್ಟುಕೊಂಡಿರುವ ಒರೆಗಲ್ಲು ಮೂರು ಪ್ರಶ್ನೆಗಳು ಮಾತ್ರ. ಒಂದು, ಅದು ಮಗುವಿನ ಕೈಗೂ ಕಣ್ಣಿಗೂ ಎಟಕುತ್ತದೆಯೆ? ಎರಡು, ಮಗು ಅದನ್ನು ತನ್ನ ಇಷ್ಟದಂತೆ ಬದಲಿಸಬಲ್ಲುದೆ? ಮೂರು, ಮಗು ಅದನ್ನು ಹತ್ತಿದರೆ, ಎಳೆದರೆ, ಬಾಯಿಗಿಟ್ಟರೆ ಅಪಾಯವಿಲ್ಲವೆ? ಈ ಮೂರಕ್ಕೂ ‘ಹೌದು’ ಎನ್ನುವ ಅಲಂಕಾರ ಮಗುವಿನದು. ಉಳಿದುದು ನೆಂಟರಿಗೆ ತೋರಿಸಲು ಮಾಡಿದ್ದು.

ಹಿನ್ನೆಲೆ

ಹೊಸತೆಂದು ನಾವು ಎಣಿಸುವ ಅನೇಕ ಸಂಗತಿಗಳು ನೂರು ವರ್ಷಗಳಿಗೂ ಹಿಂದಿನವು. ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ ೧೮೩೭ರಲ್ಲಿ ಪುಟ್ಟ ಮಕ್ಕಳ ಆಟಪಾಟಗಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಎಂದರೆ ‘ಮಕ್ಕಳ ತೋಟ’, ಎಂಬ ಹೆಸರಿಟ್ಟನು. ಮೆತ್ತನೆಯ ಬಣ್ಣದ ಚೆಂಡುಗಳು, ಮರದ ಗುಂಡು, ಮರದ ಘನಾಕೃತಿ, ಮರದ ಉರುಳೆ ಇವೇ ಅವನು ಮಕ್ಕಳ ಕೈಗೆ ಕೊಟ್ಟ ಮೊದಲ ‘ಕಾಣಿಕೆ’ಗಳು.

ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ ೧೯೦೭ರ ಜನವರಿ ೬ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತನ್ನ ಮೊದಲ ‘ಮಕ್ಕಳ ಮನೆ’ಯನ್ನು ತೆರೆದಳು. ಅಲ್ಲಿ ಮುಂದೆ ಆಕೆ ಮಾಡಿದ ಮುಖ್ಯ ಬದಲಾವಣೆಯೊಂದು ಮರಗೆಲಸದ್ದು. ಮಕ್ಕಳು ತಾವೇ ಎತ್ತಿ ಸರಿಸಬಲ್ಲ ಹಗುರವಾದ ಪುಟ್ಟ ಮೇಜು ಕುರ್ಚಿಗಳು, ತಾವೇ ಕೈಯಿಟ್ಟು ತೆಗೆಯಬಲ್ಲ ತಗ್ಗಿನ ಕಪಾಟುಗಳು ಬಂದುವು. ಮಗುವನ್ನು ಕುರ್ಚಿಯ ಅಳತೆಗೆ ತರುವುದನ್ನು ಬಿಟ್ಟು, ಕುರ್ಚಿಯನ್ನು ಮಗುವಿನ ಅಳತೆಗೆ ತಂದುದೇ ಆಕೆಯ ಹಿರಿಮೆ. ಈಕೆ ೧೯೩೯ರಲ್ಲಿ ಮದರಾಸಿನ ಅಡ್ಯಾರಿಗೆ ಬಂದಳು. ಯುದ್ಧದ ಕಾರಣದಿಂದ ೧೯೪೬ರವರೆಗೂ ನಮ್ಮ ದೇಶದಲ್ಲಿಯೇ ಉಳಿದು, ಅನೇಕ ಶಿಕ್ಷಕರಿಗೆ ತರಬೇತಿ ಕೊಟ್ಟಳು. ಅದಕ್ಕೂ ಮೊದಲೇ, ೧೯೨೦ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ತೆರೆದು, ಈ ಪದ್ಧತಿಯನ್ನು ನಮ್ಮ ಮಣ್ಣಿಗೆ ಹೊಂದುವಂತೆ ಮಾಡಿದ್ದರು.

ಶಾಲೆಯಲ್ಲಿ ನಡೆದ ಈ ಕ್ರಾಂತಿಯನ್ನು ಮನೆಯ ಕೋಣೆಗೆ ತಂದವರಲ್ಲಿ ಆಲ್ಮಾ ಬುಷರ್ ಎಂಬಾಕೆಯನ್ನು ನೆನೆಯಬೇಕು. ಜರ್ಮನಿಯ ವೈಮಾರ್ ನಗರದಲ್ಲಿದ್ದ ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯ ವಿದ್ಯಾರ್ಥಿನಿ ಈಕೆ. ಆ ಶಾಲೆ ೧೯೨೩ರ ತನ್ನ ಪ್ರದರ್ಶನಕ್ಕಾಗಿ ಒಂದು ಮಾದರಿ ಮನೆಯನ್ನು ಕಟ್ಟಿಸಿದಾಗ ಅದರ ಮಕ್ಕಳ ಕೋಣೆಯ ವಿನ್ಯಾಸ ಈಕೆಯ ಪಾಲಿಗೆ ಬಂದಿತು. ಈಕೆ ಮಾಡಿಸಿದ ಆಟಿಕೆಯ ಕಪಾಟಿನಲ್ಲಿ ಬಣ್ಣ ಬಣ್ಣದ ದೊಡ್ಡ ಪೆಟ್ಟಿಗೆಗಳಿದ್ದುವು. ಅವನ್ನು ಹೊರಕ್ಕೆಳೆದರೆ ಒಂದು ಮೇಜು, ಒಂದು ಆಸನ, ಗಾಲಿಯಿದ್ದುದು ಒಂದು ಬಂಡಿ. ಕಪಾಟಿನ ಬಾಗಿಲಲ್ಲಿ ಕಿಟಕಿಯೊಂದನ್ನು ಕೊರೆದಿತ್ತು. ಬಾಗಿಲು ತೆರೆದರೆ ಅದೇ ಗೊಂಬೆಯಾಟದ ರಂಗಸ್ಥಳ. ಗೋಡೆಯ ಕೆಳಭಾಗ ಮಕ್ಕಳು ಗೀಚುವುದಕ್ಕೆಂದೇ ಮೀಸಲು. ನನ್ನ ಮೂರು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಬೇರೆಲ್ಲಿಯೂ ಕಾಣೆ.

ಬಣ್ಣ

ಈಗಿನ ರೂಢಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಕೆಲವು ಕಾಲದ ಹಿಂದೆ ಮಕ್ಕಳ ಕೋಣೆಯೆಂದರೆ ಹುಡುಗನಿಗೆ ನೀಲಿ, ಹುಡುಗಿಗೆ ಗುಲಾಬಿ ಎಂಬಂತಿತ್ತು. ಈಗ ಅದು ಹಿಂದೆ ಸರಿದು ಕೆನೆಬಣ್ಣ, ಗೋಧಿಬಣ್ಣ, ಮಾಸಲು ಹಸಿರು, ಇಟ್ಟಿಗೆಯ ನಸುಗೆಂಪು ಮುಂತಾದ ತಣ್ಣನೆಯ ಬಣ್ಣಗಳು ಬಂದಿವೆ. ಮಗುವಿಗೆ ಇವು ಬೇಸರ ತರುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ; ಕಡುಬಣ್ಣಗಳೇ ಬೇಕೆಂದು ಹಟಹಿಡಿಯುವವರೂ ಇದ್ದಾರೆ.

ಈ ವಿಷಯದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಮನನೀಯವಾಗಿದೆ. ಶಿಶುವಿಹಾರದ ೨೪ ಮಕ್ಕಳಿಗೆ ಕೆಲವು ಪಾಠಗಳನ್ನು ಗೋಡೆಯ ತುಂಬ ಚಿತ್ರಪಟಗಳಿದ್ದ ಕೊಠಡಿಯಲ್ಲಿಯೂ, ಕೆಲವನ್ನು ಬರಿಗೋಡೆಯ ಕೊಠಡಿಯಲ್ಲಿಯೂ ಹೇಳಲಾಯಿತು. ಚಿತ್ರ ತುಂಬಿದ ಕೊಠಡಿಯಲ್ಲಿ ಮಕ್ಕಳ ಲಕ್ಷ್ಯ ಪಾಠವನ್ನು ಬಿಟ್ಟು ಹೋಗಿದ್ದ ಕಾಲ ಶೇಕಡ ೩೮.೬, ಬರಿಗೋಡೆಯದರಲ್ಲಿ ಶೇಕಡ ೨೮.೪. ಪರೀಕ್ಷೆಯ ಸರಿಯುತ್ತರಗಳು ಕ್ರಮವಾಗಿ ಶೇಕಡ ೪೨ ಮತ್ತು ೫೫. ಇದು ಪಾಠದ ಕೊಠಡಿಯ ಮಾತು, ಆಟದ ಕೋಣೆಯದಲ್ಲ, ನಿಜ. ಆದರೂ ನಾಲ್ಕು ಗೋಡೆಗಳೂ ಒಟ್ಟಿಗೆ ಕೂಗಿದರೆ ಮಗು ಯಾವುದನ್ನೂ ಕೇಳಲಾರದು ಎಂಬುದಷ್ಟನ್ನು ನಾವು ಗ್ರಹಿಸಬಹುದು.

ಇನ್ನೊಂದು ಕಡೆ, ಎಳೆಯ ಕೂಸಿನ ಕಣ್ಣಿಗೆ ಮೊದಲ ವಾರಗಳಲ್ಲಿ ಚೆನ್ನಾಗಿ ಕಾಣುವುದು ಕಪ್ಪು ಬಿಳುಪಿನಂತಹ ಎದ್ದುಕಾಣುವ ವ್ಯತ್ಯಾಸ. ಬಣ್ಣಗಳ ಭೇದ ತಿಂಗಳುಗಳು ಕಳೆದಂತೆ ಬಲಿಯುತ್ತದೆ. ಗೋಡೆ, ಹಾಸು, ಗೊಂಬೆ, ಬುಟ್ಟಿ ಎಲ್ಲವೂ ಒಂದೇ ಗೋಧಿಬಣ್ಣವಾದರೆ ಮಗುವಿನ ಕಣ್ಣಿಗೆ ಹಿಡಿಯಲು ಏನೂ ಇರುವುದಿಲ್ಲ. ಆದುದರಿಂದ ಗೋಡೆ ತಣ್ಣಗಿರಲಿ, ಆಟಿಕೆ ಬಣ್ಣವಾಗಿರಲಿ ಎಂಬುದು ಮಧ್ಯಮಾರ್ಗ. ಬಿಳಿಯ ಸುಣ್ಣದ ಗೋಡೆ, ಕೆಂಪು ಕಾವಿಯ ನೆಲ, ನಡುವೆ ಒಂದು ಹಳದಿ ಬುಗುರಿ ಎಂದರೆ ನಮ್ಮ ಅಜ್ಜಿಯರ ಮನೆಯೂ ಇದೇ ಸೂತ್ರದಲ್ಲಿದ್ದಿತಲ್ಲವೆ?

ಆಟಿಕೆಯ ಹಲಗೆ

ಈಗಿನ ಎರಡನೆಯ ರೂಢಿ, ಬಾಗಿಲಿಲ್ಲದ ತಗ್ಗಿನ ಹಲಗೆಗಳಲ್ಲಿ ಕೆಲವೇ ಆಟಿಕೆಗಳನ್ನು ಜೋಡಿಸಿಟ್ಟು, ಉಳಿದುವನ್ನು ಮುಚ್ಚಿಟ್ಟು, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬದಲಿಸುವುದು. ಇದು ಮಾಂಟೆಸೊರಿಯ ಕಪಾಟಿನ ನೇರ ಸಂತಾನ. ನೋಡಲು ಚೆಂದವೆಂದು ಜನರು ಇದನ್ನು ಮಾಡುತ್ತಾರೆ. ಆದರೆ ಇದರ ಗುಣ ಚೆಂದದಲ್ಲಿಲ್ಲ. ಅಮೆರಿಕದ ಟೊಲಿಡೊ ವಿಶ್ವವಿದ್ಯಾನಿಲಯದವರು ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ ೩೬ ಮಕ್ಕಳಿಗೆ ಒಮ್ಮೆ ೪ ಆಟಿಕೆಗಳನ್ನೂ ಇನ್ನೊಮ್ಮೆ ೧೬ ಆಟಿಕೆಗಳನ್ನೂ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು ಆಡಿದರು. ಆಡಿದ ಬಗೆಗಳೂ ಹೆಚ್ಚಾಗಿದ್ದುವು.

ಆಟಿಕೆಗಳನ್ನು ದೊಡ್ಡ ಮೂಟೆಯಲ್ಲಿ ತುಂಬಿಟ್ಟಾಗ ಮಗು ಮೂಟೆಯನ್ನು ಸುರಿಯುವುದನ್ನೇ ಆಟವನ್ನಾಗಿ ಮಾಡಿಕೊಳ್ಳುತ್ತದೆ. ಹಲಗೆಯ ಮೇಲೆ ನಾಲ್ಕಾರು ಇದ್ದರೆ ಆರಿಸಿಕೊಳ್ಳುತ್ತದೆ. ಆಡಿದ ಮೇಲೆ ಅದೇ ಜಾಗದಲ್ಲಿಡಲೂ ಕಲಿಯುತ್ತದೆ. ಬಡತನದ ಮನೆಯಲ್ಲಿ ಆಟಿಕೆ ಕಡಮೆಯೆಂದು ಕೊರಗುವ ತಾಯಂದಿರಿಗೆ ಇದೊಂದು ಸಮಾಧಾನದ ಸುದ್ದಿ.

ಗೋಡೆ

ಮೂರನೆಯದು ಗೋಡೆಯ ಚಿತ್ರ. ಕಾಡಿನ ಗೋಡೆ, ಆಕಾಶದ ಗೋಡೆ, ರಾಜಕುಮಾರಿಯ ಗೋಡೆ ಎಂದು ಇಡೀ ಕೋಣೆಯನ್ನು ಒಂದೇ ವಸ್ತುವಿನಲ್ಲಿ ಮುಳುಗಿಸುವ ರೂಢಿಯಿದೆ. ಬಣ್ಣದಲ್ಲಿ ಬರೆಯಿಸುತ್ತಾರೆ, ಇಲ್ಲವೆ ಚಿತ್ರಕಾಗದವನ್ನು ಅಂಟಿಸುತ್ತಾರೆ. ನನ್ನ ಆಕ್ಷೇಪಣೆಗಳು ಮೂರು. ಮಗುವಿನ ಒಲವು ಬೇಗ ಬದಲಾಗುತ್ತದೆ. ಈ ವರ್ಷ ರೈಲು, ಮುಂದಿನ ವರ್ಷ ತಿಮಿಂಗಿಲ. ಗೋಡೆ ಅಷ್ಟು ಬೇಗ ಬದಲಾಗದು. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯ ಕಾಗದ ಏಳುತ್ತದೆ. ಅದರ ಹಿಂದೆ ಬೂಷ್ಟು ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೂರ್ತಿಯಾದ ಚಿತ್ರದಲ್ಲಿ ಮಗು ಮಾಡಬೇಕಾದುದೇನೂ ಉಳಿದಿರುವುದಿಲ್ಲ.

ಇದರ ಬದಲು ನೆಲದಿಂದ ಮೂರೂವರೆ ಅಡಿಯವರೆಗೆ ಒಂದು ಗೋಡೆಗೆ ಕರಿಹಲಗೆಯ ಬಣ್ಣ ಹೊಡೆಸಿ ಸೀಮೆಸುಣ್ಣವನ್ನು ಕೈಗೆ ಕೊಟ್ಟರೆ, ಗೋಡೆ ದಿನವೂ ಹೊಸದಾಗುತ್ತದೆ. ಸಾಗರದ ಸುತ್ತಮುತ್ತ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆಗಳಿಂದ ಬರೆಯುವ ಹಸೆ ಚಿತ್ತಾರ ಇಂದು ಪಟ್ಟಣದ ಗೋಡೆಗಳಿಗೂ ಬಂದಿದೆ. ಅದನ್ನು ಮಗುವಿನ ಕೋಣೆಯಲ್ಲಿ ಬರೆಯುವುದಾದರೆ ದೊಡ್ಡವರ ಕಣ್ಣಿನ ಎತ್ತರದಲ್ಲಿ ಬರೆಯದೆ ಮಗುವಿನ ಕಣ್ಣಿನ ಎತ್ತರದಲ್ಲಿ ಬರೆಯಿರಿ; ಒಂದೆರಡು ಚೌಕಗಳನ್ನು ಅದು ತುಂಬಲೆಂದು ಖಾಲಿ ಬಿಡಿರಿ.

ನೆಲ ಮತ್ತು ಮೂಲೆ

ದೊಡ್ಡವರಿಗೆ ಕೋಣೆಯೆಂದರೆ ಗೋಡೆ. ಮಗುವಿಗೆ ಕೋಣೆಯೆಂದರೆ ನೆಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಕೊಟ್ಟ ಸಲಹೆಯಂತೆ ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ೧೮೦ ನಿಮಿಷಗಳಾದರೂ ಓಡಾಡಿ, ಹತ್ತಿ, ಕುಣಿದು ಮೈಯಾಡಿಸಬೇಕು. ಎರಡು ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸಲೇಬಾರದು. ಆಮೇಲೆ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಆದುದರಿಂದ ಆಟದ ಕೋಣೆಯಲ್ಲಿ ದೂರದರ್ಶನದ ಪೆಟ್ಟಿಗೆಯನ್ನು ಇಡದಿರುವುದು ಖರ್ಚಿಲ್ಲದ ಅಲಂಕಾರ. ಕೋಣೆಯ ನಡುಭಾಗ ಬರಿದಾಗಿರಬೇಕು.

ಹಂಗರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ ಹೆಸರಿನ ಮರದ ಏಣಿ ತ್ರಿಕೋಣ ಈಗ ನಮ್ಮಲ್ಲಿಯೂ ಮಾರಾಟಕ್ಕಿದೆ. ಮಗು ತನ್ನ ಶಕ್ತಿಯಿದ್ದಷ್ಟು ಹತ್ತಿ ಇಳಿಯಲಿ, ದೊಡ್ಡವರು ಎತ್ತಿ ಕೂರಿಸಬಾರದು ಎಂಬುದು ಆಕೆಯ ತತ್ತ್ವ. ಅದರ ಕೆಳಗೆ ಮೆತ್ತನೆಯ ಹಾಸು ಬೇಕು. ದಪ್ಪ ರತ್ನಗಂಬಳಿ ನಮ್ಮ ಧೂಳಿಗೆ ಒಗ್ಗುವುದಿಲ್ಲ. ಒರಸಿ ತೆಗೆಯಬಲ್ಲ ಫೋಮ್ ಹಾಸು, ಇಲ್ಲವೆ ಒಗೆದು ಬಿಸಿಲಿಗೆ ಹಾಕಬಲ್ಲ ಜಮಖಾನ ಮೇಲು. ನುಣುಪಾದ ಟೈಲ್ಸಿನ ಮೇಲೆ ಜಮಖಾನ ಜಾರುತ್ತದೆಂಬುದನ್ನು ಮಾತ್ರ ಮರೆಯಬಾರದು. ಅಡಿಯಲ್ಲಿ ರಬ್ಬರಿನ ಜಾಲಿಯನ್ನು ಹಾಸಬೇಕು.

ಬಟ್ಟೆಯ ಪುಟ್ಟ ಡೇರೆಯನ್ನು ಮೂಲೆಯಲ್ಲಿ ನಿಲ್ಲಿಸಿ ಒಳಗೆ ದಿಂಬು ಪುಸ್ತಕಗಳನ್ನಿಡುವ ರೂಢಿ ನನಗೆ ಮೆಚ್ಚುಗೆಯಾಗಿದೆ. ಮಂಚದ ಕೆಳಗೆ, ಬಾಗಿಲ ಹಿಂದೆ, ಅಮ್ಮನ ಸೀರೆಯ ಮರೆಯಲ್ಲಿ ಅಡಗುವುದು ಮಕ್ಕಳ ಸಹಜವಾದ ಬಯಕೆ. ಎರಡು ಕುರ್ಚಿಗಳ ನಡುವೆ ಹಳೆಯ ಸೀರೆಯನ್ನು ಕಟ್ಟಿದರೂ ಅದೇ ಡೇರೆ.

ಮರದ ಆಟಿಕೆ

ಪ್ಲಾಸ್ಟಿಕ್ಕನ್ನು ಬಿಟ್ಟು ಮರ, ಬಟ್ಟೆ, ಬಿದಿರುಗಳಿಗೆ ಮರಳುವುದು ಈಗಿನ ಇನ್ನೊಂದು ಒಲವು. ವಿದೇಶದ ಮರದ ಆಟಿಕೆಗಳಿಗೆ ಸಾವಿರಾರು ರೂಪಾಯಿ ಕೊಡುವವರು ಚನ್ನಪಟ್ಟಣದಲ್ಲಿ ಒಮ್ಮೆ ಇಳಿದು ನೋಡಬೇಕು. ಅಲ್ಲಿ ಹಗುರವಾದ ಆಲೆಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಆಮೇಲೆ ತಾಳೆಯ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಚೂಪಾದ ಅಂಚಿಲ್ಲದ ಈ ಗುಂಡು ಗುಂಡಾದ ಆಟಿಕೆ ಮಗುವಿನ ಅಂಗೈಗೆ ಹೇಳಿಮಾಡಿಸಿದಂತಿದೆ. ಅರಿಸಿನ ಮೊದಲಾದ ಸಸ್ಯಮೂಲದ ಬಣ್ಣಗಳಲ್ಲಿ ಮಾಡುವವರೂ ಇದ್ದಾರೆ. ಕೊಳ್ಳುವಾಗ ಕೇಳಿ ಕೊಳ್ಳಬೇಕು.

ಕೊಂಡ ಆಟಿಕೆಯೇ ಬೇಕೆಂದೂ ಇಲ್ಲ. ಬ್ರಿಟಿಷ್ ಕಲಾವಿದ ಸೈಮನ್ ನಿಕಲ್ಸನ್ ೧೯೭೧ರಲ್ಲಿ ‘ಬಿಡಿಭಾಗಗಳ ಸಿದ್ಧಾಂತ’ವೊಂದನ್ನು ಮಂಡಿಸಿದನು. ಸರಿಸಬಹುದಾದ, ಜೋಡಿಸಿ ಬಿಚ್ಚಬಹುದಾದ ಬಿಡಿ ವಸ್ತುಗಳು ಎಷ್ಟು ಬಗೆಯಲ್ಲಿವೆಯೋ ಅಷ್ಟರಮಟ್ಟಿಗೆ ಆ ಸ್ಥಳದಲ್ಲಿ ಸೃಷ್ಟಿಶಕ್ತಿ ಅರಳುತ್ತದೆ ಎಂಬುದು ಅದರ ಸಾರ. ರಟ್ಟಿನ ಪೆಟ್ಟಿಗೆ, ತೆಂಗಿನ ಕರಟ, ದಾರದ ಉರುಳೆ, ಹಳೆಯ ಸೇರು ಪಾವುಗಳು ಇವೇ ಬಿಡಿಭಾಗಗಳು. ಇವನ್ನು ಕೊಳ್ಳಲು ಯಾವ ಅಂಗಡಿಗೂ ಹೋಗಬೇಕಾಗಿಲ್ಲ.

ಅಪಾಯಗಳು

ಇದುವರೆಗೆ ಹೇಳಿದುದರಲ್ಲಿ ತಪ್ಪಿದರೆ ಹಣ ಪೋಲಾಗುತ್ತದೆ. ಇನ್ನು ಹೇಳುವುದರಲ್ಲಿ ತಪ್ಪಿದರೆ ಮಗುವಿಗೇ ಕೇಡು. ಆದುದರಿಂದ ವಾಚಕರು ಈ ಭಾಗವನ್ನು ಹೆಚ್ಚು ಗಮನಕೊಟ್ಟು ಓದಬೇಕೆಂದು ಪ್ರಾರ್ಥಿಸುತ್ತೇನೆ.

ಮೊದಲನೆಯದು ಬಣ್ಣದಲ್ಲಿನ ಸೀಸ. ಸೀಸವು ಬೆಳೆಯುವ ಮಿದುಳಿಗೆ ವಿಷ; ಇಷ್ಟು ಸೇರಿದರೆ ಬಾಧಕವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲ. ನಮ್ಮ ದೇಶದಲ್ಲಿ ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ ೯೦ ಭಾಗವನ್ನು ಮೀರಬಾರದೆಂಬ ನಿಯಮವು ೨೦೧೬ರಲ್ಲಿ ಹೊರಟು ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಎಂದರೆ ಅದಕ್ಕೂ ಹಿಂದಿನ ಕಿಟಕಿ ಬಾಗಿಲುಗಳ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಅಂತಹುದನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಒದ್ದೆಮಾಡಿ ಕೆರೆಯಬೇಕು, ಆ ಹೊತ್ತಿನಲ್ಲಿ ಮಕ್ಕಳನ್ನೂ ಬಸುರಿಯರನ್ನೂ ದೂರವಿಡಬೇಕು. ಹೊಸ ಡಬ್ಬಿಯ ಮೇಲೆ ಸೀಸದ ಪ್ರಮಾಣ ಬರೆದಿದೆಯೆ ಎಂದು ಓದಿಯೇ ಕೊಳ್ಳಬೇಕು.

ಎರಡನೆಯದು ಮಗುಚಿ ಬೀಳುವ ಪೀಠೋಪಕರಣ. ಡ್ರಾಯರುಗಳುಳ್ಳ ಎತ್ತರದ ಕಪಾಟು ದೊಡ್ಡವರಿಗೆ ಕಪಾಟು, ಮಗುವಿಗೆ ಏಣಿ. ಕೆಳಗಿನ ಡ್ರಾಯರನ್ನೆಳೆದು ಅದರ ಮೇಲೆ ನಿಂತಿತೆಂದರೆ ಭಾರವೆಲ್ಲ ಮುಂದಕ್ಕೆ ಬಂದು ಕಪಾಟು ಮಗುವಿನ ಮೇಲೆ ಮಗುಚುತ್ತದೆ. ಅಮೆರಿಕದಲ್ಲಿ ಇಂತಹ ಸಾವುಗಳು ಸಂಭವಿಸಿದುದರಿಂದಲೇ ೨೦೨೨ರ ಡಿಸೆಂಬರಿನಲ್ಲಿ ಇದಕ್ಕಾಗಿ ಒಂದು ಕಾನೂನನ್ನು ಮಾಡಬೇಕಾಯಿತು. ಎರಡು ಕಬ್ಬಿಣದ ಎಲ್-ಪಟ್ಟಿಗಳಿಂದ ಕಪಾಟನ್ನು ಗೋಡೆಗೆ ಬಿಗಿದರೆ ಈ ಅಪಾಯ ತಪ್ಪುತ್ತದೆ.

ಮೂರನೆಯದು ಬಾಯಿಗೆ ಹೋಗುವ ವಸ್ತುಗಳು. ಒಂದೂಕಾಲು ಅಂಗುಲ ಅಗಲದ ಕೊಳವೆಯಲ್ಲಿ ತೂರುವ ಯಾವುದನ್ನೂ ಮೂರು ವರ್ಷದೊಳಗಿನ ಮಗುವಿಗೆ ಕೊಡಬಾರದು. ಮೇಲೆ ಹೇಳಿದ ಬಿಡಿಭಾಗಗಳಿಗೂ ಇದೇ ನಿಯಮ. ಮಿನುಗುವ ದೀಪಗಳಲ್ಲಿಯೂ ಹಾಡುವ ಆಟಿಕೆಗಳಲ್ಲಿಯೂ ಇರುವ ಗುಂಡಿಯಂತಹ ಬ್ಯಾಟರಿಯನ್ನು ನುಂಗಿದರೆ ಅದು ಅನ್ನನಾಳವನ್ನು ಎರಡು ಗಂಟೆಯೊಳಗೆ ಸುಡಬಲ್ಲುದು. ಕೂಡಲೇ ಆಸ್ಪತ್ರೆಗೆ ಓಡಬೇಕು. ಆಟಿಕೆಗಳಿಗೆ ೨೦೨೧ರ ಜನವರಿ ೧ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ; ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೆ ಮಾತ್ರ ವಿನಾಯಿತಿಯಿದೆ.

ಇವಲ್ಲದೆ ಕಿಟಕಿಯ ಸರಳುಗಳ ನಡುವಣ ಅಂತರ ನಾಲ್ಕು ಅಂಗುಲಕ್ಕಿಂತ ಕಡಮೆಯಿರಬೇಕು. ಕಿಟಕಿಯ ಕೆಳಗೆ ಹತ್ತಲು ಅನುಕೂಲವಾದ ಯಾವುದೂ ಇರಬಾರದು. ಪರದೆಯ ಹಗ್ಗ ಜೋತಾಡಬಾರದು. ವಿದ್ಯುತ್ತಿನ ಪ್ಲಗ್ಗುಗಳಿಗೆ ಮುಚ್ಚಳವಿರಬೇಕು.

ಒಂದು ಉದಾಹರಣೆ

ಹಾಸನದಲ್ಲಿರುವ ನನ್ನ ಅಕ್ಕನಿಗೆ ನಾಲ್ಕು ವರ್ಷದ ಮಗಳೂ ಒಂದೂವರೆ ವರ್ಷದ ಮಗನೂ ಇದ್ದಾರೆ. ಅವರ ಬಾಡಿಗೆ ಮನೆಯ ಹತ್ತಡಿ ಉದ್ದ ಒಂಬತ್ತಡಿ ಅಗಲದ ಕೋಣೆಯನ್ನು ಆಟದ ಕೋಣೆಯಾಗಿ ಮಾಡಬೇಕೆಂದು ಭಾವನವರು ಅಲಂಕಾರ ಮಾಡಿಸುವವರೊಬ್ಬರನ್ನು ಕರೆಸಿದ್ದರು. ಅವರು ಕೊಟ್ಟ ಅಂದಾಜು ೯೦,೦೦೦ ರೂಪಾಯಿ: ಒಂದು ಗೋಡೆಗೆ ಕಾಡಿನ ಚಿತ್ರಕಾಗದ, ಸೂರಿನಿಂದ ತೂಗುವ ಮೋಡಗಳು, ಆರಡಿಯ ಕಪಾಟು. ಬಾಡಿಗೆ ಮನೆಗೆ ಅಷ್ಟು ಹಣ ಹಾಕುವುದು ಅಕ್ಕನಿಗೆ ಒಪ್ಪಿಗೆಯಿರಲಿಲ್ಲ; ಮಕ್ಕಳಿಗೆ ಏನೂ ಮಾಡದಿರಲು ಭಾವನವರಿಗೆ ಮನಸ್ಸಿರಲಿಲ್ಲ. ದಸರಾ ರಜೆಗೆ ನಾನು ಹೋಗಿದ್ದಾಗ ಮಾತು ನನ್ನವರೆಗೂ ಬಂದಿತು.

“ಏನಮ್ಮ, ನಿಮ್ಮ ಮನಶ್ಶಾಸ್ತ್ರದಲ್ಲಿ ಗೋಡೆಗೆ ಬಣ್ಣ ಹೊಡೆಯೋದನ್ನೂ ಹೇಳಿಕೊಡ್ತಾರಾ?” ಎಂದು ಭಾವನವರು ನಕ್ಕರು.

“ಬಣ್ಣ ಹೊಡೆಯೋದು ಆಮೇಲೆ ಭಾವ, ಮೊದಲು ಮಕ್ಕಳನ್ನ ಅಳೀರಿ” ಎಂದೆನು.

ಟೇಪು ತಂದು ಅಳೆದೆವು. ಹುಡುಗಿ ಮೂರಡಿ ನಾಲ್ಕಂಗುಲ, ಹುಡುಗ ಎರಡಡಿ ಎಂಟಂಗುಲ. ತೂಗುವ ಮೋಡಗಳು ಅವರಿಗೆ ಎಟಕುವುದಿಲ್ಲ. ಕಪಾಟಿನ ಮೇಲಿನ ಮೂರು ಸಾಲುಗಳೂ ಎಟಕುವುದಿಲ್ಲ. ನಾವು ಮಾತಾಡುತ್ತಿದ್ದಂತೆಯೇ ಪಕ್ಕದ ಕೋಣೆಯಿಂದ ಅಮ್ಮ ಕೂಗಿಕೊಂಡರು. ಓಡಿಹೋಗಿ ನೋಡಿದರೆ, ಹುಡುಗ ಬಟ್ಟೆಯ ಕಪಾಟಿನ ಕೆಳಗಿನ ಡ್ರಾಯರನ್ನೆಳೆದು ಅದರೊಳಗೆ ಕಾಲಿಟ್ಟು ನಿಂತಿದ್ದಾನೆ. ಕಪಾಟು ಮುಂದಕ್ಕೆ ವಾಲಿದೆ. ಅಮ್ಮ ಎರಡು ಕೈಗಳಿಂದಲೂ ಅದನ್ನು ತಡೆದು ಹಿಡಿದಿದ್ದಾರೆ. ಭಾವನವರು ಹುಡುಗನನ್ನು ಎತ್ತಿಕೊಂಡರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಂದು ಸಂಜೆಯೇ ಬಡಗಿಯನ್ನು ಕರೆಸಿ ಮನೆಯ ಕಪಾಟುಗಳನ್ನೆಲ್ಲ ಗೋಡೆಗೆ ಬಿಗಿಸಿದರು. ಕೋಣೆಯ ಕೆಲಸ ಪ್ರಾರಂಭವಾದುದು ಆಮೇಲೆ.

ಮನೆಯ ಯಜಮಾನರ ಒಪ್ಪಿಗೆ ಪಡೆದು ಗೋಡೆಗಳಿಗೆ ಕೆನೆಬಣ್ಣದ ಡಿಸ್ಟೆಂಪರ್ ಹೊಡೆಸಿದುದಕ್ಕೆ ಕೂಲಿಯೂ ಸೇರಿ ೧,೮೦೦ ರೂಪಾಯಿ. ಕರಿಹಲಗೆಯ ಬಣ್ಣಕ್ಕೆ ೩೫೦. ಎರಡಡಿ ಎತ್ತರದ ಬಾಗಿಲಿಲ್ಲದ ಹಲಗೆಗೂ, ಅದರ ಅಡಿಯಲ್ಲಿ ಕೂರುವ ಮೂರು ಮರದ ಪೆಟ್ಟಿಗೆಗಳಿಗೂ ಬಡಗಿಗೆ ೩,೫೦೦. ಫೋಮ್ ಹಾಸಿಗೆ ೧,೬೦೦. ಎಲ್-ಪಟ್ಟಿ, ಪ್ಲಗ್ಗಿನ ಮುಚ್ಚಳಗಳಿಗೆ ೨೫೦. ಒಟ್ಟು ೭,೫೦೦ ರೂಪಾಯಿ. ಡೇರೆಗೆ ಅಮ್ಮನ ಹಳೆಯ ಇಳಕಲ್ ಸೀರೆ. ಪೆಟ್ಟಿಗೆಗಳ ಅಂಚನ್ನು ಗುಂಡಗೆ ಮಾಡಿಸಿ, ಮುಚ್ಚಳವನ್ನು ಬೇಕೆಂದೇ ಇಡಿಸಲಿಲ್ಲ. ಬೆರಳು ಸಿಕ್ಕಿಕೊಳ್ಳುವುದೂ ಮಗು ಒಳಗೆ ಕುಳಿತು ಉಸಿರುಗಟ್ಟುವುದೂ ಇದರಿಂದ ತಪ್ಪುತ್ತದೆ.

ಸಂಕ್ರಾಂತಿಗೆ ಮತ್ತೆ ಹೋದಾಗ ಆ ಮೂರು ಪೆಟ್ಟಿಗೆಗಳು ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಾಗಿದ್ದುವು. ಹುಡುಗಿಯೇ ಕಂಡಕ್ಟರು. ಅಜ್ಜಿಯಿಂದ ಆಧಾರ್ ಕಾರ್ಡು ಕೇಳಿ ಪುಕ್ಕಟೆ ಚೀಟಿ ಹರಿದುಕೊಟ್ಟಳು. ಅಪ್ಪನಿಂದ ಮಾತ್ರ ದುಡ್ಡು ವಸೂಲಾಯಿತು. ಕರಿಗೋಡೆಯ ಮೇಲೆ ಊರುಗಳ ಹೆಸರುಗಳಂತೆ, ಅವಳಿಗೆ ಮಾತ್ರ ಓದಲು ಬರುವ ಲಿಪಿಯಲ್ಲಿ. ಕಾಡಿನ ಚಿತ್ರಕಾಗದವಿದ್ದಿದ್ದರೆ ಆ ಬಸ್ಸಿಗೆ ದಾರಿಯೆಲ್ಲಿರುತ್ತಿತ್ತು?

ಕೋಣೆಯಿಲ್ಲದವರು

ಇಷ್ಟೆಲ್ಲ ಓದಿದ ನನ್ನ ಸಹಪಾಠಿಗಳಲ್ಲಿ ಅನೇಕರು, “ಇರುವುದೇ ಒಂದು ಕೋಣೆ, ಅದರಲ್ಲಿಯೇ ಅಡುಗೆ, ಅದರಲ್ಲಿಯೇ ನಿದ್ರೆ. ಆಟದ ಕೋಣೆಯ ಮಾತು ನಮಗೇಕೆ?” ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮಾಂಟೆಸೊರಿಯ ಮೊದಲ ಮನೆ ತೆರೆದುದು ಕೂಲಿಕಾರರ ಮಕ್ಕಳಿಗಾಗಿ ಎಂಬುದನ್ನು ನೆನೆಯಬೇಕು. ಒಂದು ಚಾಪೆ, ಗೋಡೆಗೆ ತಾಗಿದ ಒಂದು ಮರದ ಪೆಟ್ಟಿಗೆ, ಅದರಲ್ಲಿ ನಾಲ್ಕು ವಸ್ತುಗಳು; ಆ ಚಾಪೆ ಹಾಸಿರುವಷ್ಟು ಹೊತ್ತು ಅದರ ಮೇಲೆ ದೊಡ್ಡವರು ಕಾಲಿಡಬಾರದೆಂಬ ಕಟ್ಟಳೆ. ಇದೇ ಆಟದ ಕೋಣೆ. ಮಗುವಿಗೆ ಬೇಕಾದುದು ತನ್ನದೆಂದು ಹೇಳಿಕೊಳ್ಳುವ ಒಂದು ಎಲ್ಲೆ.

ಇದಲ್ಲದೆ ಎಲ್ಲರಿಗೂ ಸೇರಿದ ಆಟದ ಕೋಣೆಯೊಂದು ಊರೂರಿನಲ್ಲಿಯೂ ಇದೆ, ಅದೇ ಅಂಗನವಾಡಿ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ೩೩ ಕಡೆ ಪ್ರಾರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ರಾಜ್ಯದ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ವಾಸ್ತುಶಿಲ್ಪಿ ಕಬೀರ್ ವಾಜಪೇಯಿಯವರು ‘ಬಾಲಾ’ ಎಂಬ ಹೆಸರಿನಿಂದ ಪ್ರಚುರಪಡಿಸಿದ ಒಂದು ಕಲ್ಪನೆಯಿದೆ: ಕಟ್ಟಡವೇ ಕಲಿಕೆಯ ಸಾಧನವಾಗಬೇಕು. ಬಾಗಿಲು ತೆರೆಯುವ ಜಾಗದ ನೆಲದಲ್ಲಿ ಕೋನಗಳ ಗೆರೆ, ಗೋಡೆಯ ಮೇಲೆ ಎತ್ತರ ಅಳೆಯುವ ಪಟ್ಟಿ, ಮಗುವಿನ ಕೈಗೆ ಎಟಕುವಂತೆ ಕರಿಹಲಗೆ. ಅಂಗನವಾಡಿಯ ಗೋಡೆಗೆ ಚಿತ್ರ ಬರೆಸಲು ದಾನಿಗಳು ಮುಂದೆ ಬರುವುದುಂಟು. ಆ ಚಿತ್ರಗಳನ್ನು ಮೂರಡಿಯ ಕೆಳಗೆ ಬರೆಸಿರೆಂದು ಹೇಳುವವರು ಬೇಕು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದವರು ಈ ಕೆಲಸವನ್ನು ಕೈಗೆತ್ತಿಕೊಳ್ಳಬಾರದೇಕೆ?

ಆಟವು ಮಕ್ಕಳಿಗೆ ನಾವು ಕೊಡುವ ಭಿಕ್ಷೆಯಲ್ಲ. ಸಂಯುಕ್ತ ರಾಷ್ಟ್ರಗಳ ಮಕ್ಕಳ ಹಕ್ಕುಗಳ ಒಡಂಬಡಿಕೆಯು ೧೯೮೯ರಲ್ಲಿ ತನ್ನ ೩೧ನೆಯ ವಿಧಿಯಲ್ಲಿ ಆಟವನ್ನು ಹಕ್ಕೆಂದು ಒಪ್ಪಿತು. ಭಾರತವು ೧೯೯೨ರಲ್ಲಿ ಅದಕ್ಕೆ ಸೇರಿತು. ೨೦೨೪ರಿಂದ ಜೂನ್ ೧೧ ಅಂತರರಾಷ್ಟ್ರೀಯ ಆಟದ ದಿನವಾಗಿ ಆಚರಿಸಲ್ಪಡುತ್ತಿದೆ. ಹಕ್ಕು ಇದ್ದಲ್ಲಿ ಜಾಗವೂ ಇರಬೇಕು.

ನಮ್ಮಲ್ಲಿ ಕೆಲವರು ನಾಳೆ ಶಿಕ್ಷಕರಾಗುವವರು, ಹಲವರು ತಾಯಿತಂದೆಯರಾಗುವವರು. ಮಗುವಿಗಾಗಿ ಕೋಣೆಯನ್ನೋ ಮೂಲೆಯನ್ನೋ ಸಿದ್ಧಪಡಿಸುವ ಮುನ್ನ, ಚಿತ್ರಗಳನ್ನು ನೋಡುವ ಮುನ್ನ, ಹಣದ ಲೆಕ್ಕ ಹಾಕುವ ಮುನ್ನ, ಆ ನೆಲದ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿರಿ. ಅಲ್ಲಿಂದ ಏನು ಕಾಣುತ್ತದೆ, ಏನು ಕೈಗೆ ಸಿಗುತ್ತದೆ, ಏನು ಮೈಮೇಲೆ ಬೀಳಬಹುದು ಎಂಬುದನ್ನು ಬರೆದುಕೊಳ್ಳಿರಿ. ಕೆಲಸವನ್ನು ಆ ಪಟ್ಟಿಯಿಂದ ಪ್ರಾರಂಭಿಸಿರಿ.